ಅದೇ ಅಲೆ ಏರಿಸುತ್ತದೆ, ಅದೇ ಅಲೆ ಬೀಳಿಸುತ್ತದೆ: ವಿಕಿರಣ ಪಟ್ಟಿಯ ಎಲೆಕ್ಟ್ರಾನ್‌ಗಳ ಕತೆ

ಪ್ರಶ್ನೆ: ಭೂಕಾಂತ ಬಿರುಗಾಳಿ ಎದ್ದಾಗ ವ್ಯಾನ್ ಅಲೆನ್ ಪಟ್ಟಿಯ ಎಲೆಕ್ಟ್ರಾನ್‌ಗಳು ಕೆಲವು ಸಲ ನೂರಾರು ಪಟ್ಟು ಹೆಚ್ಚುತ್ತವೆ, ಕೆಲವು ಸಲ ಇದ್ದವೂ ಖಾಲಿಯಾಗುತ್ತವೆ ಎಂದು ಓದಿದೆ. ಎರಡಕ್ಕೂ ಪ್ಲಾಸ್ಮಾ ಅಲೆಗಳೇ ಕಾರಣವಂತೆ. ಒಂದೇ ಕಾರಣದಿಂದ ಎರಡು ಉಲ್ಟಾ ಫಲ ಹೇಗೆ ಸಾಧ್ಯ? ಅಲ್ಲಿ ಗಾಳಿಯೇ ಇಲ್ಲ, ಅಲೆ ಏಳುವುದಾದರೂ ಯಾವುದರಲ್ಲಿ? ಕೆಳಗೆ ಬಿದ್ದ ಎಲೆಕ್ಟ್ರಾನ್‌ಗಳು ಏನಾಗುತ್ತವೆ?

ಉತ್ತರ: ನೀವು ಓದಿದ್ದು ಸರಿ. ಈ ಗೊಂದಲ ನಿಮಗೊಬ್ಬರಿಗೇ ಆದದ್ದೂ ಅಲ್ಲ. ವ್ಯಾನ್ ಅಲೆನ್ ಪಟ್ಟಿ ಅಂದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡ ವೇಗದ ಕಣಗಳ ವಿಕಿರಣ ಪಟ್ಟಿ, ಒಳಗೊಂದು ಹೊರಗೊಂದು ಇವೆ. ಸೌರಮಾರುತದ, ಅಂದರೆ ಸೂರ್ಯನಿಂದ ಬೀಸುವ ಕಣಗಳ, ಹೊಡೆತಕ್ಕೆ ಆ ಕಾಂತಕ್ಷೇತ್ರ ಕದಡುವುದೇ ಭೂಕಾಂತ ಬಿರುಗಾಳಿ. ಬಿರುಗಾಳಿ ಅಂದರೆ ಶಕ್ತಿ ಒಳಗೆ ನುಗ್ಗುವುದು, ಹಾಗಾಗಿ ಎಲೆಕ್ಟ್ರಾನ್‌ಗಳು ಹೆಚ್ಚಲೇಬೇಕು ಎಂದು ಬಹಳ ಕಾಲ ನಂಬಿದ್ದರು. 2003ರಲ್ಲಿ ಜೆಫ್ರಿ ರೀವ್ಸ್ ಮತ್ತು ಸಂಗಡಿಗರು 1989ರಿಂದ 2000ದವರೆಗಿನ 276 ಬಿರುಗಾಳಿಗಳನ್ನು ಒಂದೊಂದಾಗಿ ತೆಗೆದು ನೋಡಿದರು. ಸುಮಾರು 53 ಶೇಕಡಾ ಬಿರುಗಾಳಿಗಳ ನಂತರ ವೇಗದ ಎಲೆಕ್ಟ್ರಾನ್‌ಗಳು ಹೆಚ್ಚಿದ್ದವು. 19 ಶೇಕಡಾದಲ್ಲಿ ಕಡಿಮೆಯಾಗಿದ್ದವು. ಉಳಿದ 28 ಶೇಕಡಾದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇರಲಿಲ್ಲ. ಇನ್ನೊಂದು ವಿಷಯ ನನಗೆ ಇವತ್ತಿಗೂ ಮುಖ್ಯ ಅನಿಸುತ್ತದೆ. ಬಿರುಗಾಳಿ ಎಷ್ಟು ಜೋರಾಗಿತ್ತು ಎಂಬುದಕ್ಕೂ ಕೊನೆಗೆ ಎಷ್ಟು ಎಲೆಕ್ಟ್ರಾನ್ ಉಳಿದವು ಎಂಬುದಕ್ಕೂ ನೇರ ಸಂಬಂಧವೇ ಕಾಣಲಿಲ್ಲ.

ಅಂದರೆ ಬಿರುಗಾಳಿಯ ಹೊತ್ತಿನಲ್ಲಿ ತುಂಬುವ ಕೆಲಸ ಮತ್ತು ಖಾಲಿ ಮಾಡುವ ಕೆಲಸ ಎರಡೂ ಒಟ್ಟಿಗೇ ಜೋರಾಗುತ್ತವೆ. ನಾವು ನೋಡುವುದು ಕಳೆದು ಉಳಿದದ್ದನ್ನು ಮಾತ್ರ. ಆದಾಯವೂ ದೊಡ್ಡದು, ಖರ್ಚೂ ದೊಡ್ಡದು ಆದಾಗ ಕೊನೆಗೆ ಕೈಯಲ್ಲಿ ಉಳಿಯುವುದು ಎಷ್ಟೂ ಆಗಬಹುದು, ಅಲ್ವಾ?

ಮೊದಲು, ಅಲೆ ಯಾವುದರಲ್ಲಿ ಏಳುತ್ತದೆ ಎಂಬ ಪ್ರಶ್ನೆ. ಭೂಮಿಯ ಸುತ್ತಲಿನ ಜಾಗ ಪೂರ್ತಿ ಬರಿದಲ್ಲ. ಅಲ್ಲಿ ಬಿಡಿ ಎಲೆಕ್ಟ್ರಾನ್‌ಗಳೂ ಅಯಾನುಗಳೂ ತೆಳ್ಳಗೆ ಹರಡಿಕೊಂಡಿವೆ, ಇದನ್ನೇ ಪ್ಲಾಸ್ಮಾ ಅನ್ನುವುದು. ಹೊರ ವಿಕಿರಣ ಪಟ್ಟಿಯ ನಡುಭಾಗದಲ್ಲಿ ಒಂದು ಘನ ಸೆಂಟಿಮೀಟರಿಗೆ ಕೆಲವೇ ಕೆಲವು ಕಣ ಇರಬಹುದು. ಇಷ್ಟು ತೆಳುವಾದ ಕಡೆ ಕಣಕ್ಕೆ ಕಣ ಡಿಕ್ಕಿ ಹೊಡೆಯುವ ಮಾತೇ ಇಲ್ಲ. ಆದರೆ ಇವೆಲ್ಲ ವಿದ್ಯುದಾವೇಶ ಇರುವ ಕಣಗಳು. ಅವುಗಳ ನಡುವೆ ಭೂಮಿಯ ಕಾಂತಕ್ಷೇತ್ರ ಹಾದುಹೋಗಿದೆ. ಹಾಗಾಗಿ ಒಂದು ಕಡೆ ಅಲುಗಾಡಿದರೆ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರಗಳ ಮೂಲಕ ಆ ಅಲುಗಾಟ ಮುಂದಕ್ಕೆ ಸಾಗುತ್ತದೆ. ಇದೇ ಪ್ಲಾಸ್ಮಾ ಅಲೆ. ಗಾಳಿಯಲ್ಲಿ ಸದ್ದು ಸಾಗುವಾಗ ಅಣುವಿಗೆ ಅಣು ತಾಗಬೇಕು. ಇಲ್ಲಿ ತಾಗುವುದೇ ಬೇಡ.

ಈಗ ಒಂದೇ ಒಂದು ಎಲೆಕ್ಟ್ರಾನನ್ನು ಹತ್ತಿರದಿಂದ ನೋಡೋಣ. ಭೂಮಿಯ ಕೇಂದ್ರದಿಂದ ಭೂಮಿಯ ತ್ರಿಜ್ಯದ ನಾಲ್ಕೂವರೆ ಪಟ್ಟು ದೂರ, ಅಂದರೆ ನೆಲದಿಂದ ಸುಮಾರು 22,000 ಕಿಲೋಮೀಟರ್ ಎತ್ತರ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ, ಹಾಗಾಗಿ ನಾವಿರುವುದು ಅವುಗಳ ನೆರೆಯಲ್ಲೇ. ನಮ್ಮ ಎಲೆಕ್ಟ್ರಾನಿನ ಶಕ್ತಿ 10 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂದರೆ 1 ಎಂಇವಿ ಅಂದುಕೊಳ್ಳಿ. ಅದರ ವೇಗ ಬೆಳಕಿನ ವೇಗದ 94 ಶೇಕಡಾ.

ಅದು ಮೂರು ಬಗೆಯಲ್ಲಿ ಓಡಾಡುತ್ತದೆ. ಮೊದಲನೆಯದು, ಕಾಂತರೇಖೆಯ ಸುತ್ತ ಸುರುಳಿ ಸುತ್ತುವುದು. ಸುಮಾರು 14 ಕಿಲೋಮೀಟರ್ ತ್ರಿಜ್ಯದ ವೃತ್ತವನ್ನು ಸೆಕೆಂಡಿಗೆ ಹತ್ತಿರಹತ್ತಿರ 3,000 ಸಲ ಸುತ್ತುತ್ತದೆ. ಎರಡನೆಯದು, ಹಾಗೆ ಸುತ್ತುತ್ತಲೇ ಕಾಂತರೇಖೆಯ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಪುಟಿಯುವುದು. ಹೋಗಿ ಬರಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಮೂರನೆಯದು, ನಿಧಾನವಾಗಿ ಪೂರ್ವಕ್ಕೆ ಸರಿಯುತ್ತಾ ಭೂಮಿಯನ್ನೇ ಸುತ್ತಿ ಬರುವುದು. ಇದಕ್ಕೆ ಸುಮಾರು ಕಾಲು ಗಂಟೆ ಬೇಕು.

ಸೆಕೆಂಡಿಗೆ ಸಾವಿರಾರು ಸಲ, ಸೆಕೆಂಡಿಗೆ ಎರಡು ಮೂರು ಸಲ, ಗಂಟೆಗೆ ನಾಲ್ಕು ಸಲ. ಈ ಮೂರು ತಾಳಗಳನ್ನು ನೆನಪಿಟ್ಟುಕೊಳ್ಳಿ. ಇವನ್ನು ಯಾರೂ ಕೆಡಿಸದಿದ್ದರೆ ಎಲೆಕ್ಟ್ರಾನ್ ಅಲ್ಲೇ ಸುತ್ತುತ್ತಾ ಇರುತ್ತದೆ. ಶಕ್ತಿ ಏರುವುದೂ ಇಲ್ಲ, ಕೆಳಗೆ ಬೀಳುವುದೂ ಇಲ್ಲ. ಬದಲಾಗಬೇಕಾದರೆ ಇವುಗಳಲ್ಲಿ ಒಂದರ ಜೊತೆ ತಾಳ ಕೂಡುವ ಅಲೆ ಬರಬೇಕು. ಭೌತವಿಜ್ಞಾನದಲ್ಲಿ ಇದನ್ನು ಅನುರಣನೆ ಅನ್ನುತ್ತೇವೆ. ಕುಂಬಾರರ ಚಕ್ರ ತಿರುಗುತ್ತಿರುವಾಗ ಕೋಲನ್ನು ಮನಸ್ಸಿಗೆ ಬಂದ ಹಾಗೆ ತಾಗಿಸಿದರೆ ಒಮ್ಮೆ ವೇಗ ಹೆಚ್ಚುತ್ತದೆ, ಒಮ್ಮೆ ತಗ್ಗುತ್ತದೆ, ಒಟ್ಟಿನಲ್ಲಿ ಏನೂ ಆಗುವುದಿಲ್ಲ. ಚಕ್ರದ ಜೊತೆಗೇ ಕೋಲೂ ಸುತ್ತಿದರೆ ಮಾತ್ರ ಅದರ ಒತ್ತಡ ಕೂಡಿಕೊಳ್ಳುತ್ತಾ ಹೋಗುತ್ತದೆ.

ಆ ಮೊದಲ ತಾಳಕ್ಕೆ ಜೋಡಿಯಾಗುವ ಅಲೆಗೆ ಕೋರಸ್ ಎಂದು ಹೆಸರು. ಇದನ್ನು ನೀವು ಕೇಳಲೇಬೇಕು. ವಿದ್ಯಾರ್ಥಿಗಳಿಗೆ ಈ ಪಾಠ ಮಾಡುವಾಗ ನಾನು ಸಮೀಕರಣ ಬರೆಯುವ ಮೊದಲು ಅದರ ಧ್ವನಿಯನ್ನೇ ಹಾಕುತ್ತೇನೆ. ನಾವು ನೋಡುತ್ತಿರುವ ಜಾಗದಲ್ಲಿ ಕೋರಸ್ ಅಲೆಯ ಆವರ್ತನ ಸುಮಾರು 1ರಿಂದ 7 ಕಿಲೋಹರ್ಟ್ಜ್. ಅದು ಸದ್ದಲ್ಲ, ರೇಡಿಯೋ ಅಲೆಯ ಹಾಗೆ ವಿದ್ಯುತ್ಕಾಂತ ಅಲೆ. ಆದರೆ ಆವರ್ತನ ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇದೆ. ಆಂಟೆನಾ ಹಿಡಿದದ್ದನ್ನು ಸೀದಾ ಸ್ಪೀಕರಿಗೆ ಕೊಟ್ಟರೆ ಸಾಕು. ಕೇಳಿದರೆ ಬೆಳಗಿನ ಜಾವ ಹಕ್ಕಿಗಳು ಒಟ್ಟಿಗೆ ಚಿಲಿಪಿಲಿ ಶುರುಮಾಡಿದ ಹಾಗೇ ಇರುತ್ತದೆ. 2012ರಲ್ಲಿ ನಾಸಾದ ವ್ಯಾನ್ ಅಲೆನ್ ಪ್ರೋಬ್ಸ್ ಉಪಗ್ರಹಗಳು ಹಿಡಿದ ಧ್ವನಿಯನ್ನು ಮೊದಲ ಸಲ ಕೇಳಿದವರಿಗೆ ಇದು ಹಕ್ಕಿಯಲ್ಲ ಎಂದು ನಂಬಲು ಸ್ವಲ್ಪ ಹೊತ್ತು ಬೇಕು. ಪ್ರತಿ 'ಚಿಲಿಪ್' ಕೆಳಸ್ವರದಿಂದ ಮೇಲಕ್ಕೆ ಜಾರುತ್ತದೆ. ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ ಮುಗಿಯುತ್ತದೆ. ಅದರ ಹಿಂದೆಯೇ ಇನ್ನೊಂದು.

ಈ ಕೋರಸ್ ಹುಟ್ಟುವುದು ಹೇಗೆ? ಬಿರುಗಾಳಿಯ ಹೊತ್ತಿನಲ್ಲಿ ಭೂಮಿಯ ರಾತ್ರಿ ಕಡೆಯಿಂದ, ಕಾಂತಗೋಳದ (ಭೂಮಿಯ ಕಾಂತಕ್ಷೇತ್ರದ ಹಿಡಿತವಿರುವ ಜಾಗದ) ಬಾಲದ ಹಾಗೆ ಉದ್ದಕ್ಕೆ ಚಾಚಿರುವ ಭಾಗದಿಂದ, ಎಲೆಕ್ಟ್ರಾನ್‌ಗಳ ದಂಡೇ ಒಳಗೆ ನುಗ್ಗುತ್ತದೆ. ಇವುಗಳ ಶಕ್ತಿ ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟ್, ಅಂದರೆ ನಮ್ಮ ಎಲೆಕ್ಟ್ರಾನಿಗಿಂತ ಬಹಳ ಕಡಿಮೆ. ಇವು ಪೂರ್ವಕ್ಕೆ ಸರಿಯುತ್ತಾ ಮುಂಜಾವಿನ ಕಡೆಗೆ ಬರುತ್ತವೆ. ಇವುಗಳಲ್ಲಿ ಕಾಂತರೇಖೆಗೆ ಅಡ್ಡಡ್ಡ ಓಡುವವು ಜಾಸ್ತಿ, ಉದ್ದಕ್ಕೆ ಓಡುವವು ಕಡಿಮೆ. ಉದ್ದಕ್ಕೆ ಓಡುವವು ನೇರ ವಾತಾವರಣಕ್ಕೆ ಇಳಿದು ಕಳೆದುಹೋಗುವುದೂ ಇದಕ್ಕೆ ಒಂದು ಕಾರಣ. ಈ ಅಸಮತೋಲ ಸರಿಹೋಗುವಾಗ ಎಲೆಕ್ಟ್ರಾನ್‌ಗಳು ಬಿಟ್ಟುಕೊಟ್ಟ ಶಕ್ತಿಯೇ ಕೋರಸ್ ಅಲೆಯಾಗಿ ಬೆಳೆಯುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಸ್ವಲ್ಪ ನಿಧಾನವಾಗಿ ಓದಿ.

ಎಲೆಕ್ಟ್ರಾನ್ ಕಾಂತರೇಖೆಗೆ ಎಷ್ಟು ಓರೆಯಾಗಿ ಓಡುತ್ತಿದೆ ಎಂಬುದನ್ನು ಪಿಚ್ ಕೋನ ಅನ್ನುತ್ತೇವೆ. 90 ಡಿಗ್ರಿ ಅಂದರೆ ಪೂರ್ತಿ ಅಡ್ಡ, ಸೊನ್ನೆ ಅಂದರೆ ರೇಖೆಯ ಗುಂಟ ನೇರ ಓಟ. ಕೋರಸ್ ಜೊತೆ ತಾಳ ಕೂಡಿದಾಗ ಎಲೆಕ್ಟ್ರಾನಿನ ಶಕ್ತಿ ಮತ್ತು ಪಿಚ್ ಕೋನ ಎರಡೂ ಒಟ್ಟಿಗೆ ಬದಲಾಗುತ್ತವೆ. ಒಂದಕ್ಕೊಂದು ಗಂಟು ಹಾಕಿದ ಹಾಗೆ. ಅಡ್ಡಕ್ಕೆ ತಿರುಗಿದ ಎಲೆಕ್ಟ್ರಾನಿಗೆ ಶಕ್ತಿ ಸಿಗುತ್ತದೆ. ಉದ್ದಕ್ಕೆ ತಿರುಗಿದ ಎಲೆಕ್ಟ್ರಾನ್ ಶಕ್ತಿ ಕಳೆದುಕೊಳ್ಳುತ್ತದೆ. ಯಾವ ಎಲೆಕ್ಟ್ರಾನ್ ಯಾವ ಕಡೆ ತಿರುಗುತ್ತದೆ ಎಂಬುದು ಅಲೆ ಬಂದ ಗಳಿಗೆಯಲ್ಲಿ ಅದು ತನ್ನ ಸುತ್ತಿನ ಯಾವ ಬಿಂದುವಿನಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಅಂದರೆ ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ.

ಹಾಗಾದರೆ ಅರ್ಧ ಏರಿ ಅರ್ಧ ಇಳಿದು ಸರಿಸಮ ಆಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ, ಯಾಕೆಂದರೆ ಶುರುವಿನಲ್ಲೇ ಜನಸಂಖ್ಯೆ ಸಮ ಇಲ್ಲ. ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳು ರಾಶಿ ರಾಶಿ ಇವೆ, ಹೆಚ್ಚು ಶಕ್ತಿಯವು ಬೆರಳೆಣಿಕೆ. ಕಿಕ್ಕಿರಿದ ಕೋಣೆಯ ಬಾಗಿಲು ತೆಗೆದರೆ ಜನ ಖಾಲಿ ಕೋಣೆಗೇ ಹರಡಿಕೊಳ್ಳುತ್ತಾರೆ, ಯಾರೂ ದೂಡಬೇಕಾಗಿಲ್ಲ. ಹಾಗೆಯೇ ಮೇಲಿನ ಖಾಲಿ ಜಾಗಕ್ಕೆ ಎಲೆಕ್ಟ್ರಾನ್‌ಗಳು ಹರಡಿಕೊಳ್ಳುತ್ತವೆ. ಇನ್ನೊಂದು ತುದಿಯಲ್ಲೂ ಖಾಲಿ ಜಾಗವಿದೆ. ಪಿಚ್ ಕೋನ ತೀರಾ ಚಿಕ್ಕದಾದರೆ ಎಲೆಕ್ಟ್ರಾನ್ ಪುಟಿದು ವಾಪಸ್ ಬರುವ ಬದಲು ಸುಮಾರು 100 ಕಿಲೋಮೀಟರ್ ಎತ್ತರದ ಗಾಳಿಗೆ ಬಡಿಯುತ್ತದೆ. ಇದಕ್ಕೆ ನಷ್ಟ ಶಂಕು ಎಂದು ಹೆಸರು. ನಾವು ನೋಡುತ್ತಿರುವ ಜಾಗದಲ್ಲಿ, ಸಮಭಾಜಕದ ಹತ್ತಿರ, ಆ ಶಂಕುವಿನ ಅಗಲ ಬರೀ 4–5 ಡಿಗ್ರಿ. ಸಣ್ಣ ಕಿಂಡಿಯೇ, ಆದರೆ ಅದರೊಳಗೆ ಹೋದದ್ದು ತಿರುಗಿ ಬರುವುದಿಲ್ಲ.

ಹತ್ತಾರು ಸಾವಿರ ಎಲೆಕ್ಟ್ರಾನ್ ವೋಲ್ಟಿನ ಸಣ್ಣ ಎಲೆಕ್ಟ್ರಾನ್‌ಗಳು ಹೆಚ್ಚಾಗಿ ಆ ಕಿಂಡಿಯ ಕಡೆ ಜಾರುತ್ತವೆ. ಜಾರುವಾಗ ಶಕ್ತಿಯನ್ನು ಅಲೆಗೆ ಕೊಟ್ಟು ಹೋಗುತ್ತವೆ. ಅದೇ ಅಲೆ ನೂರಾರು ಸಾವಿರ ಎಲೆಕ್ಟ್ರಾನ್ ವೋಲ್ಟಿನ ಇನ್ನೊಂದು ಗುಂಪಿಗೆ ಆ ಶಕ್ತಿಯನ್ನು ದಾಟಿಸುತ್ತದೆ. ಆ ಗುಂಪು ಒಂದು ಎಂಇವಿ, ಎರಡು ಎಂಇವಿ, ಅದಕ್ಕೂ ಮೇಲಕ್ಕೆ ಏರುತ್ತದೆ. ಅಂದರೆ ಅಲೆ ಇಲ್ಲಿ ದಲ್ಲಾಳಿ ಮಾತ್ರ. ಸಾವಿರಾರು ಬಡ ಎಲೆಕ್ಟ್ರಾನ್‌ಗಳಿಂದ ಚೂರುಚೂರು ತೆಗೆದು ಕೆಲವೇ ಎಲೆಕ್ಟ್ರಾನ್‌ಗಳನ್ನು ಸಿರಿವಂತ ಮಾಡುತ್ತದೆ.

ಜಾಗದ ವಿಷಯವೂ ಇದೆ. ಸಮಭಾಜಕದ ಹತ್ತಿರ ಕೋರಸ್ ಸಿಕ್ಕಿದಾಗ ತಾಳ ಕೂಡುವುದು ಅಡ್ಡ ಓಡುವ ಎಂಇವಿ ಎಲೆಕ್ಟ್ರಾನ್‌ಗಳಿಗೆ, ಅವು ಏರುತ್ತವೆ. ಅದೇ ಕೋರಸ್ ಕಾಂತರೇಖೆಯ ಗುಂಟ ಹೊರಟು 30 ಡಿಗ್ರಿಗಿಂತ ಹೆಚ್ಚಿನ ಅಕ್ಷಾಂಶ ತಲುಪಿದರೆ, ಅಲ್ಲಿ ತಾಳ ಕೂಡುವುದು ಆಗಲೇ ಉದ್ದಕ್ಕೆ ಓಡುತ್ತಿರುವ ಎಂಇವಿ ಎಲೆಕ್ಟ್ರಾನ್‌ಗಳಿಗೆ. ಅವುಗಳಿಗೆ ಒಂದು ತಳ್ಳು ಸಾಕು, ಕಿಂಡಿಯೊಳಗೆ ಬಿದ್ದುಬಿಡುತ್ತವೆ. 1992ರಲ್ಲಿ ಹಾರಿದ ಸ್ಯಾಂಪೆಕ್ಸ್ ಉಪಗ್ರಹ ಕೆಳಗಿನ ಕಕ್ಷೆಯಲ್ಲಿದ್ದುಕೊಂಡು ಇಂಥ ಮಳೆಯನ್ನು ಎಣಿಸಿತು. ಸೆಕೆಂಡಿಗಿಂತ ಕಡಿಮೆ ಹೊತ್ತು ಸುರಿದು ನಿಲ್ಲುವ ಹನಿಗಳು. ಒಂದೊಂದು ಹನಿಯ ಅವಧಿ ಒಂದೊಂದು ಚಿಲಿಪಿಲಿಯ ಅವಧಿಗೆ ಹೊಂದುತ್ತದೆ. ಒಂದೇ ಅಲೆ, ಒಂದೇ ಕಾಂತರೇಖೆ. ನಡುವಿನಲ್ಲಿ ಏರಿಕೆ, ತುದಿಯಲ್ಲಿ ನಷ್ಟ.

ಕೋರಸ್ ಒಂದೇ ಇದ್ದಿದ್ದರೆ ಲೆಕ್ಕ ಸುಲಭವಿರುತ್ತಿತ್ತು. ಬಿರುಗಾಳಿಯಲ್ಲಿ ಇನ್ನೂ ಕೆಲವು ಅಲೆಗಳು ಏಳುತ್ತವೆ. ಅವುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಮಿಕ್ ಅಲೆ, ಅಂದರೆ ಅಯಾನುಗಳ ಸುತ್ತಿನಿಂದ ಹುಟ್ಟುವ ಅಲೆ. ಇದು ಸಂಜೆ ಕಡೆ ಏಳುವುದು ಹೆಚ್ಚು. ಸೆಕೆಂಡಿಗೆ ಒಂದೆರಡು ಸಲ ಮಾತ್ರ ಅಲುಗುವಷ್ಟು ನಿಧಾನ. ಮೇಲಾಗಿ ಇದು ಅಯಾನು ಸುತ್ತುವ ದಿಕ್ಕಿಗೆ ಸುತ್ತುತ್ತದೆ, ಎಲೆಕ್ಟ್ರಾನ್ ಸುತ್ತುವುದು ಅದರ ಉಲ್ಟಾ. ತಾಳ ಕೂಡುವ ದಾರಿಯೇ ಇಲ್ಲ ಅನಿಸುತ್ತದೆ. ಆದರೆ ಎಂಇವಿ ಎಲೆಕ್ಟ್ರಾನ್ ಆ ಅಲೆಯನ್ನು ಎಷ್ಟು ವೇಗವಾಗಿ ಹಿಂದೆ ಹಾಕಿ ಓಡುತ್ತದೆ ಅಂದರೆ, ಅದರ ಕಣ್ಣಿಗೆ ಅಲೆಯ ತಿರುವೇ ಹಿಂದುಮುಂದಾಗಿ ಕಾಣುತ್ತದೆ. ಬಲಕ್ಕೆ ತಿರುಚಿದ ತಿರುಪು ಮೊಳೆಯ ಸುರುಳಿ ಗೆರೆಗಳನ್ನು ನಿಂತು ನೋಡುವುದೂ ಅದರ ಗುಂಟ ಓಡುತ್ತಾ ನೋಡುವುದೂ ಬೇರೆ ಬೇರೆಯಲ್ಲವೇ, ಹಾಗೆ. ಆ ಓಟದಲ್ಲಿ ತಾಳ ಕೂಡಿಬಿಡುತ್ತದೆ. ಇಮಿಕ್ ಅಲೆ ಶಕ್ತಿಯನ್ನು ಹೆಚ್ಚೇನೂ ಬದಲಿಸುವುದಿಲ್ಲ, ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಹಾಗಾಗಿ ಇದರ ಕೆಲಸ ಹೆಚ್ಚಾಗಿ ಬೀಳಿಸುವುದೇ. ಅದೂ ಎಲ್ಲಕ್ಕಿಂತ ವೇಗದ ಎಲೆಕ್ಟ್ರಾನ್‌ಗಳನ್ನು, ಕೆಲವೇ ಗಂಟೆಗಳಲ್ಲಿ.

ಇನ್ನೊಂದು, ಹಿಸ್. ಹೆಸರಿನ ಹಾಗೇ ಬುಸುಗುಡುವ ಸದ್ದು. ಇದು ಭೂಮಿಗೆ ಹತ್ತಿರದ ದಟ್ಟ, ತಣ್ಣನೆಯ ಪ್ಲಾಸ್ಮಾಗೋಳದ ಒಳಗೆ ಇರುತ್ತದೆ, ಸುಮಾರು 100 ಹರ್ಟ್ಜ್‌ನಿಂದ 2 ಕಿಲೋಹರ್ಟ್ಜ್‌ವರೆಗೆ. ಅವಸರವಿಲ್ಲದೆ, ದಿನಗಟ್ಟಲೆ ತಿಂಗಳುಗಟ್ಟಲೆ, ಎಲೆಕ್ಟ್ರಾನ್‌ಗಳನ್ನು ಸವೆಸುತ್ತಾ ಇರುತ್ತದೆ. ಒಳ ಪಟ್ಟಿಗೂ ಹೊರ ಪಟ್ಟಿಗೂ ನಡುವೆ ಖಾಲಿ ಕಂದಕ ಇರುವುದಕ್ಕೆ ಮುಖ್ಯ ಕಾರಣ ಇದೇ ಎಂದು 1973ರಲ್ಲಿ ಲಾರೆನ್ಸ್ ಲಯನ್ಸ್ ಮತ್ತು ರಿಚರ್ಡ್ ಥಾರ್ನ್ ತೋರಿಸಿಕೊಟ್ಟರು.

ಮೂರನೇ ತಾಳ, ಅಂದರೆ ಕಾಲು ಗಂಟೆಯ ಸುತ್ತು, ಕೂಡುವುದು ಯುಎಲ್‌ಎಫ್, ಅಂದರೆ ತೀರಾ ಕಡಿಮೆ ಆವರ್ತನದ, ಅಲೆಗಳ ಜೊತೆ. ಇವು ಇಡೀ ಕಾಂತಗೋಳವೇ ಕೆಲವು ನಿಮಿಷಕ್ಕೊಮ್ಮೆ ಓಲಾಡಿದ ಹಾಗೆ. ಇವು ಎಲೆಕ್ಟ್ರಾನ್‌ಗಳನ್ನು ಒಳಕ್ಕೂ ಹೊರಕ್ಕೂ ಸರಿಸುತ್ತವೆ. ಒಳಕ್ಕೆ ಸರಿದರೆ ಕಾಂತಕ್ಷೇತ್ರ ಬಲವಾಗುತ್ತದೆ, ಶಕ್ತಿಯೂ ಏರುತ್ತದೆ. ಹೊರಕ್ಕೆ ಸರಿದರೆ ಶಕ್ತಿ ಇಳಿಯುತ್ತದೆ. ಬಿರುಗಾಳಿಯ ಮೊದಲ ಹೊಡೆತಕ್ಕೆ ಕಾಂತಗೋಳದ ಗಡಿಯೇ ಒಳಕ್ಕೆ ಕುಗ್ಗಿರುತ್ತದೆ. ಹೊರಕ್ಕೆ ಸರಿದ ಎಲೆಕ್ಟ್ರಾನ್ ಆ ಗಡಿ ದಾಟಿ ಸೌರಮಾರುತದಲ್ಲಿ ಸೇರಿಹೋಗುತ್ತದೆ. ಬಿರುಗಾಳಿಯ ಶುರುವಿನಲ್ಲಿ ಹೊರ ಪಟ್ಟಿ ಗಂಟೆಗಳೊಳಗೆ ಖಾಲಿಯಾಗುವುದು ಬಹುಪಾಲು ಹೀಗೆ. ಎಲ್ಲವೂ ವಾತಾವರಣಕ್ಕೇ ಬೀಳುತ್ತವೆ ಅಂದುಕೊಳ್ಳಬೇಡಿ.

ಇದನ್ನೆಲ್ಲ ಒಂದು ಬಿರುಗಾಳಿಯೊಳಗೆ ಇಟ್ಟು ನೋಡಿದರೆ ಹೀಗಾಗುತ್ತದೆ. ಮೊದಲ ಗಂಟೆಗಳಲ್ಲಿ ಗಡಿ ಕುಗ್ಗಿ ಹೊರಗಿನವು ಸೋರಿಹೋಗುತ್ತವೆ, ಸಂಜೆ ಕಡೆ ಇಮಿಕ್ ಅಲೆ ವೇಗದವನ್ನು ಕೆಳಕ್ಕೆ ಉದುರಿಸುತ್ತದೆ. ಅದೇ ಹೊತ್ತಿಗೆ ಪ್ಲಾಸ್ಮಾಗೋಳ ಸವೆದು ಚಿಕ್ಕದಾಗುತ್ತದೆ. ಮೊನ್ನೆವರೆಗೆ ಹಿಸ್ ಇದ್ದ ಜಾಗ ಈಗ ತೆಳು ಪ್ಲಾಸ್ಮಾದ ಬಯಲು. ಕೋರಸ್ ಚೆನ್ನಾಗಿ ಶಕ್ತಿ ಏರಿಸುವುದು ಇಂಥ ಬಯಲಿನಲ್ಲೇ. ಆಮೇಲೆ ಬಿರುಗಾಳಿ ಇಳಿಮುಖವಾಗುವಾಗ ರಾತ್ರಿ ಕಡೆಯಿಂದ ಮತ್ತೆ ಮತ್ತೆ ಹೊಸ ಎಲೆಕ್ಟ್ರಾನ್‌ಗಳು ಬರುತ್ತಿದ್ದರೆ ಕೋರಸ್ ಒಂದೆರಡು ದಿನ ಹಾಡುತ್ತಲೇ ಇರುತ್ತದೆ, ಪಟ್ಟಿ ಮೊದಲಿಗಿಂತ ಜಾಸ್ತಿ ತುಂಬುತ್ತದೆ. ಬರುವುದು ಬೇಗ ನಿಂತರೆ ಖಾಲಿಯಾದದ್ದು ಖಾಲಿಯಾಗಿಯೇ ಉಳಿಯುತ್ತದೆ. ಸಾಧಾರಣ ಬಿರುಗಾಳಿ ಬಹಳ ದಿನ ಎಳೆದರೆ ದೊಡ್ಡ ಬಿರುಗಾಳಿಗಿಂತ ಹೆಚ್ಚು ಎಲೆಕ್ಟ್ರಾನ್ ಕೊಡಬಲ್ಲದು. ರೀವ್ಸ್ ಅವರ 276ರ ಲೆಕ್ಕ ಯಾಕೆ ಹಾಗೆ ಬಂತು ಎಂಬುದು ಈಗ ಅರ್ಥವಾಗುತ್ತದೆ.

ಶಕ್ತಿ ಏರಿಸಿದ್ದು ಕೋರಸ್ಸೇ, ಹೊರಗಿನಿಂದ ಒಳಗೆ ಸರಿಸುವ ಯುಎಲ್‌ಎಫ್ ಅಲ್ಲ ಎಂದು ಗೊತ್ತಾಗುವುದು ಹೇಗೆ? ಈ ವಾದ ವರ್ಷಗಟ್ಟಲೆ ನಡೆದಿತ್ತು. ಪರೀಕ್ಷೆ ಮಾತ್ರ ಬಹಳ ಸರಳ. ಎಲೆಕ್ಟ್ರಾನ್‌ಗಳು ಹೊರಗಿನಿಂದ ಬಂದಿದ್ದರೆ, ಶಕ್ತಿಯ ಬದಲಾವಣೆಗೆ ಸರಿಹೊಂದಿಸಿ ನೋಡಿದಾಗ ಅವುಗಳ ದಟ್ಟಣೆ ಹೊರಗೆ ಹೆಚ್ಚು, ಒಳಗೆ ಕಡಿಮೆ ಇರಬೇಕು. ಅಲ್ಲಲ್ಲೇ ಶಕ್ತಿ ಪಡೆದಿದ್ದರೆ ಪಟ್ಟಿಯ ನಡುವೆಯೇ ಒಂದು ಗುಡ್ಡ ಏಳಬೇಕು. ವ್ಯಾನ್ ಅಲೆನ್ ಪ್ರೋಬ್ಸ್ ಎಂಬ ಜೋಡಿ ಉಪಗ್ರಹಗಳು 2012ರ ಆಗಸ್ಟ್ 30ರಂದು ಹಾರಿದವು. ಅದೇ ಅಕ್ಟೋಬರಿನಲ್ಲಿ ಬಿರುಗಾಳಿ ಬಂತು. ಅಕ್ಟೋಬರ್ 8–9ರಂದು ಅರ್ಧ ದಿನದ ಆಸುಪಾಸಿನಲ್ಲಿ ಎಲೆಕ್ಟ್ರಾನ್‌ಗಳು ನೂರಾರು ಪಟ್ಟು ಏರಿದವು. ಗುಡ್ಡ ಎದ್ದದ್ದು ಪಟ್ಟಿಯ ನಟ್ಟನಡುವೆ. ಆ ಹೊತ್ತಿಗೆ ಅಳೆದ ಕೋರಸ್ಸನ್ನೇ ಲೆಕ್ಕಕ್ಕೆ ಹಾಕಿ ಥಾರ್ನ್ ಮತ್ತು ಸಂಗಡಿಗರು ಆ ಏರಿಕೆಯನ್ನು ಗಣಿತದಲ್ಲಿ ಮತ್ತೆ ಮೂಡಿಸಿದರು. 2013ರಲ್ಲಿ ಆ ಅಳತೆಯ ಪ್ರಬಂಧ, ಈ ಲೆಕ್ಕದ ಪ್ರಬಂಧ ಎರಡೂ ಬಂದಾಗ ಈ ಕ್ಷೇತ್ರದಲ್ಲಿದ್ದ ನಮಗೆಲ್ಲ ಹಬ್ಬದ ಹಾಗಾಗಿತ್ತು. ಯುಎಲ್‌ಎಫ್ ಅಲೆಗೆ ಕೆಲಸವಿಲ್ಲ ಎಂದು ಇದರ ಅರ್ಥವಲ್ಲ. ಕೋರಸ್ ಎಬ್ಬಿಸಿದ ಗುಡ್ಡವನ್ನು ಒಳಕ್ಕೂ ಹೊರಕ್ಕೂ ಹರಡುವುದು ಅದೇ.

ಅದೇ ಉಪಗ್ರಹಗಳು ಹಾರಿದ ಕೆಲವೇ ದಿನಕ್ಕೆ ಇನ್ನೊಂದು ಅಚ್ಚರಿ ಕಂಡಿದ್ದವು. 2012ರ ಸೆಪ್ಟೆಂಬರಿನಲ್ಲಿ ಎರಡು ಪಟ್ಟಿಗಳ ನಡುವೆ ಮೂರನೆಯದೊಂದು ಕಿರಿದಾದ ಉಂಗುರ ಮೂಡಿತು. ಅದರಲ್ಲಿದ್ದದ್ದು ತೀರಾ ವೇಗದ ಎಲೆಕ್ಟ್ರಾನ್‌ಗಳು. ನಾಲ್ಕು ವಾರ ಕದಲದೆ ನಿಂತಿತ್ತು, ಆಮೇಲೆ ಸೂರ್ಯನಿಂದ ಬಂದ ಇನ್ನೊಂದು ಹೊಡೆತಕ್ಕೆ ಅಳಿಸಿಹೋಯಿತು. ಅಷ್ಟು ದಿನ ನಿಂತದ್ದು ಯಾಕೆಂದರೆ ಅಷ್ಟು ಶಕ್ತಿಯ ಎಲೆಕ್ಟ್ರಾನ್ ಜೊತೆ ಹಿಸ್ ಅಲೆಯ ತಾಳ ಚೆನ್ನಾಗಿ ಕೂಡುವುದಿಲ್ಲ. ಸುತ್ತಲಿನ ಕಡಿಮೆ ಶಕ್ತಿಯವು ಸವೆದುಹೋದವು, ಇವು ಉಳಿದವು.

ಇಷ್ಟು ತಲೆಕೆಡಿಸಿಕೊಳ್ಳುವುದಕ್ಕೆ ಕಾರಣವೂ ಇದೆ. ಎಂಇವಿ ಎಲೆಕ್ಟ್ರಾನ್ ಉಪಗ್ರಹದ ಹೊರ ಹಾಳೆಯನ್ನು ತೂರಿಕೊಂಡು ಒಳಗಿನ ತಂತಿಗಳ ಹೊದಿಕೆಯಲ್ಲಿ ಕೂತುಬಿಡುತ್ತದೆ. ದಿನಗಟ್ಟಲೆ ಹೀಗೆ ಆವೇಶ ಜಮಾ ಆಗಿ ಒಮ್ಮೆಲೇ ಕಿಡಿ ಹಾರಿದರೆ ಸರ್ಕ್ಯೂಟ್ ಕೆಡುತ್ತದೆ. 1994ರ ಜನವರಿಯಲ್ಲಿ ಕೆನಡಾದ ಅನಿಕ್ ಇ1, ಇ2 ಸಂಪರ್ಕ ಉಪಗ್ರಹಗಳು ಗಂಟೆಗಳ ಅಂತರದಲ್ಲಿ ಹಿಡಿತ ತಪ್ಪಿದವು. ಅದಕ್ಕೆ ಮುಂಚಿನ ದಿನಗಳಲ್ಲಿ ವೇಗದ ಎಲೆಕ್ಟ್ರಾನ್‌ಗಳು ಏರಿಯೇ ಇದ್ದವು. ಇಂಥವಕ್ಕೆ ಕೊಲೆಗಾರ ಎಲೆಕ್ಟ್ರಾನ್ ಎಂದು ಹೆಸರು ಬಂದದ್ದು ಸುಮ್ನೆ ಅಲ್ಲ.

ಕೊನೆಗೆ, ಬಿದ್ದವು ಏನಾಗುತ್ತವೆ? ಗಾಳಿಯ ಅಣುಗಳಿಗೆ ಬಡಿದು ಶಕ್ತಿ ಕಳೆದುಕೊಳ್ಳುತ್ತವೆ. ಎಂಇವಿ ಎಲೆಕ್ಟ್ರಾನ್‌ಗಳು ಸುಮಾರು 60 ಕಿಲೋಮೀಟರ್ ಎತ್ತರದವರೆಗೂ ಇಳಿಯುತ್ತವೆ. ಬಡಿಯುವಾಗ ಎಕ್ಸ್-ಕಿರಣ ಹೊಮ್ಮುತ್ತದೆ, ಅದನ್ನು ಅಂಟಾರ್ಕ್ಟಿಕಾದಿಂದ ಬಲೂನು ಹಾರಿಸಿ ಅಳೆದಿದ್ದಾರೆ. ಅಲ್ಲಿ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ಮೇಲಿನ ವಾತಾವರಣದ ಓಜೋನನ್ನು ಸ್ವಲ್ಪ ತಿನ್ನುತ್ತವೆ.

ಕೋರಸ್ ಬೀಳಿಸುವ ಸಣ್ಣ ಎಲೆಕ್ಟ್ರಾನ್‌ಗಳನ್ನಂತೂ ಕಣ್ಣಿನಿಂದಲೇ ನೋಡಬಹುದು. ಧ್ರುವಪ್ರಭೆಯಲ್ಲಿ ಒಂದು ಬಗೆಯಿದೆ. ಪರದೆಯ ಹಾಗೆ ಓಲಾಡುವುದಿಲ್ಲ. ಆಕಾಶದಲ್ಲಿ ಮೋಡದ ತುಂಡಿನಂಥ ಮಸುಕು ಬೆಳಕು ಕೆಲವು ಸೆಕೆಂಡಿಗೊಮ್ಮೆ ಹತ್ತಿ ಆರುತ್ತದೆ, ಅದೂ ಹೆಚ್ಚಾಗಿ ಮಧ್ಯರಾತ್ರಿ ಕಳೆದು ಬೆಳಗಿನ ಜಾವದ ಕಡೆಗೆ. 2016ರ ಡಿಸೆಂಬರಿನಲ್ಲಿ ಹಾರಿದ ಜಪಾನಿನ ಅರಾಸೆ ಉಪಗ್ರಹ, ಮೇಲೆ ಕೋರಸ್ ಏಳುವುದನ್ನೂ ಅದೇ ಹೊತ್ತಿಗೆ ಎಲೆಕ್ಟ್ರಾನ್‌ಗಳು ನಷ್ಟ ಶಂಕುವಿನೊಳಗೆ ಜಾರುವುದನ್ನೂ ಒಟ್ಟಿಗೆ ಅಳೆಯಿತು. ಅದೇ ಕಾಂತರೇಖೆಯ ಬುಡದಲ್ಲಿ, ನೆಲದ ಮೇಲಿನ ಕ್ಯಾಮೆರಾ ಆ ಬೆಳಕು ಮಿಡಿಯುವುದನ್ನು ಹಿಡಿಯಿತು. ಮೇಲೆ ಚಿಲಿಪಿಲಿ ಗುಂಪು ಬಂದಾಗ ಕೆಳಗೆ ಬೆಳಕು ಹತ್ತುತ್ತಿತ್ತು, ನಿಂತಾಗ ಆರುತ್ತಿತ್ತು.